66ನೇ ನಂಬರ್ ಅಂಗಿ: ಚೆಂಡೇ ಮುಟ್ಟದ ಆಟಗಾರನಿಗೆ ಇಷ್ಟೊಂದು ಅಭಿಮಾನಿಗಳು ಯಾಕೆ?

ಹಿಮದೂರಿನವ (ವಿನಿಪೆಗ್)
ಎಲ್ಲರಿಗೂ ನಮಸ್ಕಾರ. ನಾನು ಕೆನಡಾದ ವಿನಿಪೆಗ್‌ಗೆ ಬಂದು ಮೂರು ವರ್ಷ ಆಯಿತು. ಇಷ್ಟು ದಿನ ಇಲ್ಲಿನ ಫುಟ್‌ಬಾಲ್ (ನಮ್ಮೂರಲ್ಲಿ ನೋಡುವ ಸಾಕರ್ ಅಲ್ಲ, ಚೆಂಡನ್ನು ಕೈಯಲ್ಲಿ ಎಸೆದು, ಹಿಡಿದು ಓಡುವ ಆಟ) ಕಡೆ ತಲೆ ಹಾಕಿರಲಿಲ್ಲ. ಹೋದ ತಿಂಗಳು ಆಫೀಸಿನ ಗೆಳೆಯರೊಬ್ಬರು ವಿನಿಪೆಗ್ ಮತ್ತು ಸಸ್ಕ್ಯಾಚೆವಾನ್ ತಂಡಗಳ ಬ್ಯಾಂಜೊ ಬೌಲ್ ಪಂದ್ಯಕ್ಕೆ ಎರಡು ಟಿಕೆಟ್ ಕೊಟ್ಟರು. ಮಗಳನ್ನು ಕರೆದುಕೊಂಡು ಹೋದೆ. ಅವಳಿಗೆ 11 ವರ್ಷ.

ನಮ್ಮ ಮುಂದಿನ ಸಾಲಿನಲ್ಲಿ ಒಬ್ಬ ಅಜ್ಜಿ ಕೂತಿದ್ದರು. ಅಂಗಿಯ ಬೆನ್ನ ಮೇಲೆ "ಬ್ರಯಂಟ್, 66". ಸುತ್ತ ನೋಡಿದರೆ ಅದೇ ನಂಬರ್ ಹಾಕಿದವರು ಇನ್ನೂ ಸುಮಾರು ಜನ. ಮಗಳು ಕೇಳಿದಳು, "ಅಪ್ಪ, 66 ಎಷ್ಟು ಗೋಲ್ ಹೊಡೀತಾರೆ?" ನಾನು ಆ ಅಜ್ಜಿಯನ್ನೇ ಕೇಳಿದೆ. ಅವರು ನಕ್ಕು, ಅವನ ಕೆಲಸದಲ್ಲಿ ಚೆಂಡೇ ಇಲ್ಲ ಅಂದರು. ಮುಂದಿನ ಸಲ ಚೆಂಡು ನೋಡಬೇಡಿ, ಸಾಲಿನ ಎಡ ತುದಿಯಲ್ಲಿ ನಿಂತವನನ್ನು ಮಾತ್ರ ನೋಡಿ ಅಂತ ಹೇಳಿಕೊಟ್ಟರು.

ನೋಡಿದೆವು. ಇಬ್ಬರು ದೈತ್ಯರು ಡಿಕ್ಕಿ ಹೊಡೆದು ನಾಲ್ಕು ಸೆಕೆಂಡ್ ತಳ್ಳಾಡಿದರು. ನಮಗೆ ಅಷ್ಟೇ ಕಂಡಿದ್ದು. ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ. ಈ ಸ್ಟ್ಯಾನ್ಲಿ ಬ್ರಯಂಟ್ ಯಾರು? ಇವರಲ್ಲಿ ಏನಿದೆ ವಿಶೇಷ?

ಹಾಸನದ ಹೈದ
ಮೈಕಟ್ಟು ದೊಡ್ಡದಿದ್ದರೆ ಮುಗೀತು. ಅಡ್ಡ ನಿಲ್ಲೋಕೆ ಏನು ವಿದ್ಯೆ ಬೇಕು?

ಪ್ರೇರಿ ಪಯಣಿಗ (ವಿನಿಪೆಗ್)
ಹೈದ, ಹಾಗೆ ಅನ್ನಬೇಡಿ. ಹನ್ನೆರಡು ವರ್ಷದಿಂದ ಈ ಆಟ ನೋಡ್ತಾ ಇದ್ದೀನಿ. ಮೊದಲ ಎರಡು ವರ್ಷ ನಾನೂ ಹೀಗೇ ಅಂದುಕೊಂಡಿದ್ದೆ.

ಮೊದಲು ಹಿಮದೂರಿನವರಿಗೆ. ಅಫೆನ್ಸಿವ್ ಲೈನ್ ಅಂದರೆ ಐದು ಜನ. ನಡುವೆ ಸೆಂಟರ್, ಅವನ ಎರಡು ಪಕ್ಕ ಗಾರ್ಡ್‌ಗಳು, ತುದಿಗಳಲ್ಲಿ ಟ್ಯಾಕಲ್‌ಗಳು. ಸೆಂಟರ್ ಕಾಲ ಸಂದಿಯಿಂದ ಚೆಂಡನ್ನು ಹಿಂದಕ್ಕೆ ಕೊಡುತ್ತಾನೆ. ಉಳಿದ ನಾಲ್ವರಿಗೆ ಚೆಂಡಿನ ಗೊಡವೆ ಇಲ್ಲ. ಹಿಂದೆ ನಿಂತ ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯುವವರೆಗೆ ಎದುರಾಳಿ ಅವನನ್ನು ಮುಟ್ಟದ ಹಾಗೆ ಕಾಯಬೇಕು. ಚೆಂಡು ಹಿಡಿದು ಓಡುವವನಿದ್ದರೆ ಅವನಿಗೆ ದಾರಿ ಬಿಡಿಸಬೇಕು.

ಕ್ವಾರ್ಟರ್‌ಬ್ಯಾಕ್ ಬಲಗೈಯವನಾದರೆ ಎಸೆಯೋಕೆ ತಿರುಗಿದಾಗ ಎಡಗಡೆಗೆ ಬೆನ್ನು ಬರುತ್ತದೆ. ಆ ಕಡೆಯಿಂದ ಬರುವವನು ಅವನಿಗೆ ಕಾಣೋದೇ ಇಲ್ಲ. ಆ ಬೆನ್ನನ್ನು ಕಾಯುವವನೇ ಲೆಫ್ಟ್ ಟ್ಯಾಕಲ್. ಬ್ರಯಂಟ್ ಅವರದ್ದು ಅದೇ ಜಾಗ.

ಹುಟ್ಟಿದ್ದು 1986ರಲ್ಲಿ, ಅಮೆರಿಕದ ನಾರ್ತ್ ಕೆರೊಲಿನಾದ ಗೋಲ್ಡ್ಸ್‌ಬರೋದಲ್ಲಿ. ಈಸ್ಟ್ ಕೆರೊಲಿನಾ ವಿಶ್ವವಿದ್ಯಾಲಯಕ್ಕೆ ಆಡಿದರು. ಅಮೆರಿಕದ ದೊಡ್ಡ ಲೀಗ್ ಎನ್‌ಎಫ್‌ಎಲ್‌ನ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಲ್ಲಿ ಹೊಸ ಆಟಗಾರರನ್ನು ಆರಿಸುವ ಕ್ರಮ) ಯಾರೂ ಆರಿಸಲಿಲ್ಲ. 2010ರಲ್ಲಿ ಕೆನಡಾ ಲೀಗ್‌ನ ಕ್ಯಾಲ್ಗರಿ ಸ್ಟಾಂಪೀಡರ್ಸ್ ಸೇರಿದರು. 2014ರಲ್ಲಿ ಆ ತಂಡ ಗ್ರೇ ಕಪ್, ಅಂದರೆ ಲೀಗ್‌ನ ಚಾಂಪಿಯನ್ ಕಪ್, ಗೆದ್ದಿತು. 2015ರಲ್ಲಿ ವಿನಿಪೆಗ್ ಬ್ಲೂ ಬಾಂಬರ್ಸ್‌ಗೆ ಬಂದರು. ಇಲ್ಲಿ ಇನ್ನೂ ಎರಡು ಗ್ರೇ ಕಪ್, 2019 ಮತ್ತು 2021. ಲೀಗ್‌ನ ಅತ್ಯುತ್ತಮ ಅಫೆನ್ಸಿವ್ ಲೈನ್‌ಮನ್ ಪ್ರಶಸ್ತಿ ನಾಲ್ಕು ಸಲ. ಬೇರೆ ಯಾರಿಗೂ ಅಷ್ಟು ಸಲ ಬಂದಿಲ್ಲ.

ಲೆಕ್ಕದ ಮೇಷ್ಟ್ರು
2018, 2019, 2021, 2022 ಅಲ್ವಾ?

ಪ್ರೇರಿ ಪಯಣಿಗ
ಇಲ್ಲ ಮೇಷ್ಟ್ರೇ. 2017, 2018, 2021, 2022. 2019ರದ್ದು ಹ್ಯಾಮಿಲ್ಟನ್‌ನ ಕ್ರಿಸ್ ವ್ಯಾನ್ ಝೈಲ್ ಅವರಿಗೆ ಹೋಯಿತು. ಅದೇ ಹ್ಯಾಮಿಲ್ಟನ್ ಆ ವರ್ಷ ಗ್ರೇ ಕಪ್ ಫೈನಲ್‌ನಲ್ಲಿ ನಮ್ಮ ಎದುರು 33-12ರಲ್ಲಿ ಸೋತಿತು. 2020ರಲ್ಲಿ ಕೋವಿಡ್ ಅಂತ ಇಡೀ ಸೀಸನ್ನೇ ರದ್ದಾಗಿತ್ತು.

ಕಬಡ್ಡಿ ಹುಚ್ಚ (ಮಿಸಿಸಾಗ)
ನನಗೆ ಈ ಆಟ ಅರ್ಥವಾಗಿದ್ದು ಕಬಡ್ಡಿಯಿಂದ. ರೈಡರ್‌ಗೆ ಚಪ್ಪಾಳೆ ಬೀಳುತ್ತದೆ. ಆದರೆ ಮೂಲೆಯಲ್ಲಿ ನಿಂತ ಕಾರ್ನರ್ ಸರಿ ಇಲ್ಲದಿದ್ದರೆ ತಂಡ ಮುಳುಗಿದ ಹಾಗೆ. ಲೆಫ್ಟ್ ಟ್ಯಾಕಲ್ ಅಂದರೆ ನಮ್ಮ ಕಾರ್ನರ್.

ರಿಜೈನಾ ರಾಗಿಮುದ್ದೆ
ಒಪ್ಪಲ್ಲ. ಕಾರ್ನರ್ ಕಾಲು ಹಿಡಿದರೆ ಪಾಯಿಂಟ್ ಬರುತ್ತದೆ, ಹೆಸರು ಪರದೆ ಮೇಲೆ ಬರುತ್ತದೆ. ಲೈನ್‌ಮನ್ ಹೆಸರು ಹೇಳೋದು ಅವನು ತಪ್ಪು ಮಾಡಿದಾಗ ಮಾತ್ರ. "ಹೋಲ್ಡಿಂಗ್ (ಎದುರಾಳಿಯನ್ನು ಹಿಡಿದೆಳೆಯೋದು), ನಂಬರ್ ಇಂಥದ್ದು, 10 ಗಜ ಹಿಂದಕ್ಕೆ." ಇಡೀ ಸ್ಟೇಡಿಯಂಗೆ ಕೇಳುವ ಹಾಗೆ ಮೈಕ್‌ನಲ್ಲಿ ಹೇಳ್ತಾರೆ. ಅದಕ್ಕಿಂತ ಕಷ್ಟದ ಕೆಲಸ ಇದೆಯಾ?

ನಂಜನಗೂಡು ತೇರು
ನನಗೆ ಬೇರೆ ನೆನಪು ಬಂತು. ನಮ್ಮೂರಿನ ದೊಡ್ಡ ಜಾತ್ರೆಯಲ್ಲಿ ಗೌತಮ ರಥ ಎಳೆಯುವಾಗ ಎಲ್ಲರ ಕಣ್ಣೂ ಕಳಶದ ಮೇಲೆ. ನಮ್ಮ ಸೋದರಮಾವ ಮಾತ್ರ ಚಕ್ರದ ಪಕ್ಕ ಬಗ್ಗಿಕೊಂಡು ಮರದ ಅಡೆ ಹಿಡಿದು ನಡೆಯುತ್ತಿದ್ದರು. ಸರಿಯಾದ ಗಳಿಗೆಯಲ್ಲಿ ಅಡೆ ಕೊಡದಿದ್ದರೆ ತೇರು ಅಂಗಡಿ ಸಾಲಿಗೆ ನುಗ್ಗಬಹುದು. ಅವರು ತಲೆ ಎತ್ತಿ ತೇರು ನೋಡಿದ್ದು ನಾನು ಒಮ್ಮೆಯೂ ಕಂಡಿಲ್ಲ. ಬ್ರಯಂಟ್ ಬಗ್ಗೆ ಓದುವಾಗ ಮಾವನ ಆ ಬೆನ್ನು ಕಣ್ಣಿಗೆ ಬಂತು.

ಕಬಡ್ಡಿ ಹುಚ್ಚ
ಇದು ಸರಿ ಇದೆ. ಕಾರ್ನರ್ ವಾಪಸ್ ತಗೊಂಡೆ.

ಹಾಸನದ ಹೈದ
ಕೇಳೋಕೆ ಚೆನ್ನಾಗಿದೆ. ಆದರೆ ಓಡಿದವನಿಗೆ ಗಜಗಳ ಲೆಕ್ಕ ಇದೆ. ಎಸೆದವನಿಗೆ ಟಚ್‌ಡೌನ್ (ಚೆಂಡನ್ನು ಕೊನೆ ಗೆರೆ ದಾಟಿಸೋದು) ಲೆಕ್ಕ ಇದೆ. ಲೈನ್‌ಮನ್ ದೊಡ್ಡವನು ಅಂತ ಯಾವ ಲೆಕ್ಕ ಇಟ್ಟುಕೊಂಡು ಹೇಳ್ತೀರಿ? ಅಂದಾಜಿನ ಮೇಲೆ ಪ್ರಶಸ್ತಿ ಕೊಟ್ಟರೆ ಹೇಗೆ?

ಮೂಲೆ ಸೀಟು (ಕ್ಯಾಲ್ಗರಿ)
ಬೇರೆಯವರ ಲೆಕ್ಕದಲ್ಲಿ ಇವನ ಲೆಕ್ಕ ಇದೆ ಹೈದ. ಹೇಳ್ತೀನಿ ನೋಡಿ.

ಬ್ರಯಂಟ್ ಕ್ಯಾಲ್ಗರಿಯಲ್ಲಿದ್ದಾಗ ಅಲ್ಲಿ ಓಡುತ್ತಿದ್ದವನು ಜಾನ್ ಕಾರ್ನಿಶ್. 2012, 2013, 2014, ಮೂರು ವರ್ಷ ಸತತವಾಗಿ ಲೀಗ್‌ನಲ್ಲೇ ಅತಿ ಹೆಚ್ಚು ಗಜ ಓಡಿದವನು. 2013ರಲ್ಲಿ 1,813 ಗಜ. ಆಮೇಲೆ ಬ್ರಯಂಟ್ ವಿನಿಪೆಗ್‌ಗೆ ಹೋದರು. ಅಲ್ಲಿ ಆಂಡ್ರ್ಯೂ ಹ್ಯಾರಿಸ್, ಅದೇ ಊರಿನ ಹುಡುಗ. 2017, 2018, 2019 ಮತ್ತೆ ಸತತ ಮೂರು ವರ್ಷ ಲೀಗ್‌ಗೇ ಮೊದಲು. ಹ್ಯಾರಿಸ್ ಹೋದ ಮೇಲೆ ಬ್ರೇಡಿ ಒಲಿವೇರಾ, ಅವನೂ ವಿನಿಪೆಗ್‌ನವನೇ. 2023ರಲ್ಲಿ ಅವನೇ ಮೊದಲು, 1,534 ಗಜ. ಕ್ವಾರ್ಟರ್‌ಬ್ಯಾಕ್ ಝ್ಯಾಕ್ ಕೊಲಾರೋಸ್ 2021, 2022ರಲ್ಲಿ ಇಡೀ ಲೀಗ್‌ನ ಶ್ರೇಷ್ಠ ಆಟಗಾರ.

ಊರು ಬದಲಾಯಿತು, ಓಡುವವರು ಬದಲಾದರು. ಎಲ್ಲ ಕಡೆ ಸಾಲಿನಲ್ಲಿ ಇದ್ದವರು ಬ್ರಯಂಟ್. ಇದು ಸುಮ್ನೆ ಕಾಕತಾಳೀಯ ಅಂತೀರಾ?

ಲೆಕ್ಕದ ಮೇಷ್ಟ್ರು
ಒಳ್ಳೆ ವಾದ. ಆದರೆ ಒಂದು ತಕರಾರು. ಸಾಲಿನಲ್ಲಿ ಐವರು. ನಾಲ್ವರನ್ನು ಬಿಟ್ಟು ಒಬ್ಬರಿಗೇ ಹಾರ ಹಾಕೋದು ತಪ್ಪು. 2014ರಲ್ಲಿ ಕ್ಯಾಲ್ಗರಿಯ ಸೆಂಟರ್ ಬ್ರೆಟ್ ಜೋನ್ಸ್. ಆ ವರ್ಷದ ಅತ್ಯುತ್ತಮ ಲೈನ್‌ಮನ್ ಅವನೇ. ಅದರ ಹಿಂದಿನ ವರ್ಷ ಅತ್ಯುತ್ತಮ ಹೊಸಬ. ಸಸ್ಕ್ಯಾಚೆವಾನ್‌ನ ವೇಬರ್ನ್ ಊರಿನವನು, ಆಮೇಲೆ ಎನ್‌ಎಫ್‌ಎಲ್‌ಗೆ ಹೋದ. ವಿನಿಪೆಗ್‌ನಲ್ಲಿ ಪ್ಯಾಟ್ ನ್ಯೂಫೆಲ್ಡ್, ಜರ್ಮಾರ್ಕಸ್ ಹಾರ್ಡ್ರಿಕ್ ಇದ್ದರು. ಡ್ರೂ ಡೆಸ್ಜಾರ್ಲೇ ಎರಡು ಕಪ್ ಗೆದ್ದ ಮೇಲೆ ಎನ್‌ಎಫ್‌ಎಲ್‌ನ ಪೇಟ್ರಿಯಟ್ಸ್ ತಂಡ ಸೇರಿದ.

ಮೂಲೆ ಸೀಟು
ನಾಲ್ವರನ್ನು ನಾನು ಬಿಟ್ಟಿಲ್ಲ ಮೇಷ್ಟ್ರೇ. ಸೆಂಟರ್‌ಗೆ, ಗಾರ್ಡ್‌ಗೆ ಪಕ್ಕದವನ ಭುಜದ ಆಸರೆ ಇರುತ್ತದೆ. ತುದಿಯಲ್ಲಿ ನಿಂತ ಟ್ಯಾಕಲ್‌ಗೆ ಹೊರಗಡೆ ಬಯಲು. ಅಲ್ಲಿ ತಪ್ಪಿದರೆ ಕೈ ಹಿಡಿಯೋಕೆ ಯಾರೂ ಇಲ್ಲ. ಅದಕ್ಕೇ ಅಲ್ಲಿ ಹತ್ತು ವರ್ಷ ನಿಂತವನನ್ನು ಬೇರೆಯಾಗಿ ನೋಡಬೇಕು ಅಂತ ನನ್ನ ವಾದ.

ಹಿಮದೂರಿನವ
ಒಂದು ಸಂದೇಹ. ಇದು ಅಮೆರಿಕದ ಫುಟ್‌ಬಾಲೇ ಅಲ್ವಾ? ಹೆಸರು ಮಾತ್ರ ಬೇರೆಯಾ?

ಪ್ರೇರಿ ಪಯಣಿಗ
ಅಯ್ಯೋ, ಇದನ್ನು ವಿನಿಪೆಗ್ ಬೀದಿಯಲ್ಲಿ ಗಟ್ಟಿಯಾಗಿ ಕೇಳಬೇಡಿ.

ಅಲ್ಲಿ 11 ಜನ, ಇಲ್ಲಿ 12. ಅಲ್ಲಿ 10 ಗಜ ದಾಟೋಕೆ ನಾಲ್ಕು ಅವಕಾಶ, ಇಲ್ಲಿ ಮೂರೇ. ಮೈದಾನ 110 ಗಜ ಉದ್ದ, 65 ಗಜ ಅಗಲ. ಅಲ್ಲಿಗಿಂತ ದೊಡ್ಡದು. ಮೂರೇ ಅವಕಾಶ ಇರೋದರಿಂದ ಎಸೆತ ಜಾಸ್ತಿ. ಎಸೆತ ಜಾಸ್ತಿ ಆದರೆ ಟ್ಯಾಕಲ್‌ಗೆ ಹಿಂದಕ್ಕೆ ಸರಿಯುತ್ತಾ ಕಾಯುವ ಕೆಲಸ ಜಾಸ್ತಿ.

ಇನ್ನೊಂದು ಮುಖ್ಯ. ಅಮೆರಿಕದಲ್ಲಿ ಎರಡು ಸಾಲುಗಳೂ ಮೂಗಿಗೆ ಮೂಗು ತಾಗುವ ಹಾಗೆ ನಿಲ್ಲುತ್ತವೆ. ಇಲ್ಲಿ ಎದುರಾಳಿ ಒಂದು ಗಜ ದೂರ ನಿಲ್ಲಬೇಕು. ಕೇಳೋಕೆ ಇದು ಲೈನ್‌ಮನ್‌ಗೆ ಅನುಕೂಲ ಅನಿಸುತ್ತದೆ. ಒಂದು ಗಜ ಮಾತ್ರ ಮುಂದೆ ಹೋಗಬೇಕಾದಾಗ ಅನುಕೂಲವೇ. ಎಸೆತದ ಹೊತ್ತಿನಲ್ಲಿ ಹಾಗಲ್ಲ. ಆ ಒಂದು ಗಜದಲ್ಲಿ ಎದುರಿನವನಿಗೆ ವೇಗ ಸಿಗುತ್ತದೆ. ನೂರು ಕಿಲೋ ದಾಟಿದ ಮನುಷ್ಯ ಓಡಿಕೊಂಡು ಬಂದು ಎದೆಗೆ ಗುದ್ದುತ್ತಾನೆ. ನೀವು ಹಿಂದಕ್ಕೆ ಸರಿಯುತ್ತಾ ಇದ್ದೀರಿ. ಬೀಳಬಾರದು, ಅಂಗಿ ಹಿಡಿದು ಎಳೆಯಬಾರದು, ಅವನನ್ನು ಬಿಡಲೂಬಾರದು. ಹೈದ, ಈಗ ಹೇಳಿ, ಅಡ್ಡ ನಿಲ್ಲೋಕೆ ವಿದ್ಯೆ ಬೇಡವಾ?

ಹಾಸನದ ಹೈದ
ಬೇಕು. ಒಪ್ಪಿದೆ. ಒಂದು ಗಜದ ವಿಷಯ ಗೊತ್ತಿರಲಿಲ್ಲ.

ಬಿಸಿಬೇಳೆ (ವಿನಿಪೆಗ್)
ವಿಷಯ ಬಿಟ್ಟು ಒಂದು ಮಾತು. ರಿಜೈನಾದವರು, ಅದೇ ಸಸ್ಕ್ಯಾಚೆವಾನ್ ತಂಡದ ಅಭಿಮಾನಿಗಳು, ಕಲ್ಲಂಗಡಿ ಹಣ್ಣು ಕೊರೆದು ತಲೆಗೆ ಹೆಲ್ಮೆಟ್ ಥರ ಹಾಕಿಕೊಂಡು ಬರ್ತಾರಲ್ಲ, ಅದರ ರಸ ಕಣ್ಣಿಗೆ ಇಳಿಯೋದಿಲ್ವಾ?

ರಿಜೈನಾ ರಾಗಿಮುದ್ದೆ
ಹಿಂದಿನ ದಿನವೇ ಕೊರೆದು, ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಫ್ರಿಜ್‌ನಲ್ಲಿ ಇಡಬೇಕು ಅಕ್ಕ. ನಾನೇ ಎರಡು ಸಲ ಹಾಕಿದ್ದೀನಿ. ಸೆಪ್ಟೆಂಬರ್ ಬಿಸಿಲಲ್ಲಿ ತಲೆ ತಂಪಾಗಿರುತ್ತದೆ. ಜೇನುನೊಣ ಮಾತ್ರ ಬೆನ್ನು ಬಿಡಲ್ಲ.

ಹಿಮದೂರಿನವ
ಬ್ಯಾಂಜೊ ಬೌಲ್ ಅನ್ನೋ ಹೆಸರು ಯಾಕೆ ಬಂತು?

ರಿಜೈನಾ ರಾಗಿಮುದ್ದೆ
2003ರಲ್ಲಿ ವಿನಿಪೆಗ್‌ನ ಕಿಕ್ಕರ್ ಟ್ರಾಯ್ ವೆಸ್ಟ್‌ವುಡ್ ನಮ್ಮ ಸಸ್ಕ್ಯಾಚೆವಾನ್ ಜನರನ್ನು ಬ್ಯಾಂಜೊ ಬಾರಿಸೋ ಹಳ್ಳಿಗಮಾರರು ಅನ್ನೋ ಅರ್ಥದಲ್ಲಿ ಜರೆದ. ಮರು ವರ್ಷದಿಂದ ಆ ಪಂದ್ಯಕ್ಕೆ ಅದೇ ಹೆಸರು ನಿಂತಿತು. ನಮಗೆ ಸಿಟ್ಟು ಇನ್ನೂ ಇದೆ. ಟಿಕೆಟ್ ಮಾತ್ರ ತಪ್ಪದೆ ತಗೊಳ್ತೀವಿ.

ನಂಜನಗೂಡು ತೇರು
ಕೆನಡಾ ಲೀಗ್‌ಗೆ ಅಮೆರಿಕದವರೇ ಯಾಕೆ ಬರಬೇಕು? ಇಲ್ಲಿನವರಿಗೆ ಜಾಗ ಸಿಗುತ್ತಾ?

ಲೆಕ್ಕದ ಮೇಷ್ಟ್ರು
ಅದಕ್ಕೆ ನಿಯಮ ಇದೆ. ಆರಂಭದ ಆಟಗಾರರಲ್ಲಿ ಕನಿಷ್ಠ ಇಷ್ಟು ಜನ ಕೆನಡಾದವರಿರಬೇಕು. ಬಹಳ ವರ್ಷ ಆ ಸಂಖ್ಯೆ ಏಳು. ತಂಡಗಳು ಅದನ್ನು ಎಲ್ಲಿ ತುಂಬಿಸುತ್ತವೆ ಗೊತ್ತಾ? ಜಾಸ್ತಿ ಅಫೆನ್ಸಿವ್ ಲೈನ್‌ನಲ್ಲೇ, ಅದರಲ್ಲೂ ಸೆಂಟರ್ ಮತ್ತು ಗಾರ್ಡ್ ಜಾಗಗಳಲ್ಲಿ. ತುದಿಯ ಟ್ಯಾಕಲ್ ಜಾಗಕ್ಕೆ ಹೆಚ್ಚಾಗಿ ಅಮೆರಿಕದವರು. ಹಾಗಾಗಿ ಇಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಆಡುವ ದೊಡ್ಡ ಮೈಯ ಹುಡುಗನಿಗೆ ಲೈನ್ ಅನ್ನೋದು ಒಳ್ಳೆ ದಾರಿ.

ಟ್ಯಾಕಲ್ ಜಾಗದಲ್ಲೂ ಊರಿನ ಮಗನಿದ್ದ. ಕ್ರಿಸ್ ವಾಲ್ಬಿ. ವಿನಿಪೆಗ್‌ನಲ್ಲೇ ಹುಟ್ಟಿ, 1981ರಿಂದ 1996ರವರೆಗೆ ಆಡಿದ. 1984, 1988, 1990ರಲ್ಲಿ ಗ್ರೇ ಕಪ್. 1987, 1993ರಲ್ಲಿ ಅತ್ಯುತ್ತಮ ಲೈನ್‌ಮನ್. ಆಮೇಲೆ ಸಿಬಿಸಿ ಟಿವಿಯಲ್ಲಿ ವಿಶ್ಲೇಷಕ. ವಿನಿಪೆಗ್‌ನ ಹಳಬರಿಗೆ ಲೈನ್‌ಮನ್ ಅಂದರೆ ವಾಲ್ಬಿಯೇ.

ಬಿಸಿಬೇಳೆ
1990 ಆದಮೇಲೆ 30 ವರ್ಷ ಕಪ್ಪೇ ಇರಲಿಲ್ಲ ಅಲ್ವಾ?

ಪ್ರೇರಿ ಪಯಣಿಗ
29 ವರ್ಷ. 2019ರಲ್ಲಿ ಗೆದ್ದ ರಾತ್ರಿ ನಾನು ಪೋರ್ಟೇಜ್ ಮತ್ತು ಮೇನ್ ಕೂಡುವ ವೃತ್ತದಲ್ಲಿದ್ದೆ. ನವೆಂಬರ್ ಕೊನೆ ವಾರದ ಚಳಿ. ಕೈಗವಸು ಮರೆತು ಬಂದಿದ್ದೆ. ಗುರುತಿಲ್ಲದ ಒಬ್ಬರು ತಮ್ಮ ಒಂದು ಕೈಗವಸು ಬಿಚ್ಚಿ ನನಗೆ ಕೊಟ್ಟರು. ಇಬ್ಬರೂ ಒಂದೊಂದು ಕೈಗೆ ಹಾಕಿಕೊಂಡು ಇನ್ನೊಂದು ಕೈ ಜೇಬಿಗಿಟ್ಟು ಕೂಗ್ತಾ ನಿಂತಿದ್ದೆವು. ಆ ಕೈಗವಸು ಇನ್ನೂ ಮನೆಯಲ್ಲಿದೆ.

ಬ್ರಾಂಪ್ಟನ್ ಅಮ್ಮ
ಎಲ್ಲ ಓದಿದೆ. ನನ್ನದೊಂದು ಚಿಂತೆ ಇದೆ, ಇಲ್ಲೇ ಕೇಳ್ತೀನಿ.

ಮಗನಿಗೆ 15 ವರ್ಷ. ಆರಡಿ ಎತ್ತರ, 108 ಕಿಲೋ. ಚಿಕ್ಕಂದಿನಿಂದ ಎಲ್ಲರೂ ಅವನ ಮೈ ನೋಡಿ ಆಡಿಕೊಂಡವರೇ. ಊರಿಗೆ ಹೋದಾಗಲೂ ಅಷ್ಟೆ. ಎರಡನೇ ಸಲ ಅನ್ನ ಬಡಿಸಿಕೊಂಡರೆ ಸಾಕು, ಯಾರಾದರೂ ಒಂದು ಮಾತು ಅನ್ನುತ್ತಿದ್ದರು. ಈ ವರ್ಷ ಶಾಲೆಯ ಫುಟ್‌ಬಾಲ್ ತಂಡಕ್ಕೆ ಹೋದ. ಕೋಚ್ ಅವನನ್ನು ಲೈನ್‌ನಲ್ಲಿ ನಿಲ್ಲಿಸಿದ್ದಾರೆ. ಮೊದಲ ದಿನ ಬಂದು, "ಅಮ್ಮ, ನನ್ನ ಸೊಂಟ ತಗ್ಗಿಸಿ ಕೂರೋದು ತುಂಬಾ ಚೆನ್ನಾಗಿದೆಯಂತೆ" ಅಂದ. ಅವನು ತನ್ನ ಮೈ ಬಗ್ಗೆ ಒಳ್ಳೆ ಮಾತು ಹೇಳಿಕೊಂಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಹಜಾರದಲ್ಲಿ ಮೂರು ಬೆರಳು ನೆಲಕ್ಕೆ ಊರಿ ಕೂರ್ತಾನೆ, ಎದ್ದು ಹಿಂದಕ್ಕೆ ಜಾರ್ತಾನೆ. ಸೋಫಾ ಗೋಡೆಗೆ ಸೇರಿ ಹೋಗಿದೆ.

ಆದರೆ ತಲೆಗೆ ಪೆಟ್ಟು ಅಂತ ಓದಿದಾಗ ನನಗೆ ನಿದ್ದೆ ಬರಲ್ಲ. ಬಿಡಲೋ ಬೇಡವೋ? ಅವರಪ್ಪನಿಗೂ ಧೈರ್ಯ ಇಲ್ಲ.

ಮೊಣಕಾಲು ವೈದ್ಯೆ (ಕ್ಯಾಲ್ಗರಿ)
ಅಕ್ಕ, ನಾನು ಫಿಸಿಯೊಥೆರಪಿಸ್ಟ್. ಹೆಸರಿಗೆ ವೈದ್ಯೆ ಅಂತ ಇಟ್ಟುಕೊಂಡಿದ್ದೀನಿ, ಡಾಕ್ಟರ್ ಅಲ್ಲ. ಮುಚ್ಚುಮರೆ ಇಲ್ಲದೆ ಹೇಳ್ತೀನಿ.

ಭಯ ನ್ಯಾಯವಾದದ್ದೇ. ಲೈನ್‌ನಲ್ಲಿ ಆಡುವವರಿಗೆ ದೊಡ್ಡ ಡಿಕ್ಕಿ ಕಡಿಮೆ ಇರಬಹುದು, ಸಣ್ಣ ಡಿಕ್ಕಿ ಪ್ರತಿ ಆಟದಲ್ಲೂ ಇರುತ್ತದೆ. ಕನ್ಕಷನ್ (ಪೆಟ್ಟಿನಿಂದ ಮಿದುಳಿಗೆ ಆಗುವ ಆಘಾತ) ಆಗದಿದ್ದರೂ ಅವು ಸೇರುತ್ತಾ ಹೋಗುವುದರ ಬಗ್ಗೆ ವೈದ್ಯರಿಗೆ ಕಾಳಜಿ ಇದೆ. ಮೊಣಕಾಲು, ಬೆನ್ನು ಕೂಡ ಸವೆಯುತ್ತವೆ. ನನ್ನ ಹತ್ತಿರ ಹಳೇ ಲೈನ್‌ಮನ್‌ಗಳು ಬರ್ತಾರೆ. ಮೆಟ್ಟಿಲು ಹತ್ತುವಾಗ ಕಂಬಿ ಬಿಡುವುದಿಲ್ಲ.

ನಿಮ್ಮ ಒಂಟಾರಿಯೊದಲ್ಲಿ ರೋವನ್ಸ್ ಲಾ ಅಂತ ಕಾನೂನಿದೆ, 2018ರದ್ದು. ರೋವನ್ ಸ್ಟ್ರಿಂಗರ್ ಅನ್ನೋ 17ರ ಹುಡುಗಿ 2013ರಲ್ಲಿ ರಗ್ಬಿ ಆಡುವಾಗ ತಲೆಗೆ ಪೆಟ್ಟಾಗಿ ತೀರಿಕೊಂಡಳು. ಅವಳ ಹೆಸರಿನ ಕಾನೂನು ಅದು. ತಲೆಗೆ ಪೆಟ್ಟಾದ ಅನುಮಾನ ಬಂದ ಕೂಡಲೇ ಆಟದಿಂದ ಹೊರಗೆ ಕರೆಯಬೇಕು. ವೈದ್ಯರು ಒಪ್ಪದೆ ಪೂರ್ತಿ ಆಟಕ್ಕೆ ವಾಪಸ್ ಬಿಡುವ ಹಾಗಿಲ್ಲ. ಕೋಚ್ ಹತ್ತಿರ ಹೋಗಿ ಮೂರು ಕೇಳಿ. ವಾರದಲ್ಲಿ ಎಷ್ಟು ದಿನ ಪೂರ್ತಿ ಡಿಕ್ಕಿ ಹೊಡೆಸ್ತಾರೆ? ತಲೆ ಬದಲು ಕೈ, ಭುಜ ಬಳಸೋಕೆ ಹೇಗೆ ಕಲಿಸ್ತಾರೆ? ಪೆಟ್ಟಾದರೆ ನಿಮಗೆ ಯಾರು, ಎಷ್ಟು ಹೊತ್ತಿಗೆ ಫೋನ್ ಮಾಡ್ತಾರೆ? ಉತ್ತರ ತಡವರಿಸಿದರೆ ಬಿಡಬೇಡಿ.

ಹಾಸನದ ಹೈದ
ಅಕ್ಕ, ಬ್ಯಾಡ್ಮಿಂಟನ್‌ಗೆ ಹಾಕಿ. ತಲೆನೋವೇ ಇಲ್ಲ.

ಬ್ರಾಂಪ್ಟನ್ ಅಮ್ಮ
ಹಾಕಿದ್ದೆವು ತಮ್ಮ. ಅಲ್ಲೂ ಮೈ ನೋಡಿ ನಕ್ಕರು. ಒಂದೇ ತಿಂಗಳಿಗೆ ಬಿಟ್ಟ.

ಕಬಡ್ಡಿ ಹುಚ್ಚ
ಅಕ್ಕ, ಲೊರಾನ್ ಡುವರ್ನೇ-ತಾರ್ದಿಫ್ ಬಗ್ಗೆ ಮಗನಿಗೆ ಹೇಳಿ. ಕ್ವಿಬೆಕ್‌ನ ಲೈನ್‌ಮನ್. ಮೆಕ್‌ಗಿಲ್‌ನಲ್ಲಿ ಡಾಕ್ಟರ್ ಓದ್ತಾ ಓದ್ತಾ ಆಡಿದವನು. 2018ರಲ್ಲಿ ವೈದ್ಯ ಪದವಿ, 2020ರ ಫೆಬ್ರವರಿಯಲ್ಲಿ ಕ್ಯಾನ್ಸಸ್ ಸಿಟಿ ಜೊತೆ ಸೂಪರ್ ಬೌಲ್, ಅಂದರೆ ಎನ್‌ಎಫ್‌ಎಲ್ ಫೈನಲ್, ಗೆದ್ದ. ಅದೇ ವರ್ಷ ಕೋವಿಡ್ ಬಂದಾಗ ಆ ಸೀಸನ್‌ನ ಆಟ ಬಿಟ್ಟು, ಮಾಂಟ್ರಿಯಲ್ ಹತ್ತಿರ ವೃದ್ಧರ ಆರೈಕೆ ಕೇಂದ್ರದಲ್ಲಿ ಕೆಲಸಕ್ಕೆ ನಿಂತ.

ಲೆಕ್ಕದ ಮೇಷ್ಟ್ರು
ಅವನು ನಮ್ಮ ಲೀಗ್‌ನವನಲ್ಲ. 2014ರಲ್ಲಿ ಕ್ಯಾಲ್ಗರಿ ಡ್ರಾಫ್ಟ್‌ನಲ್ಲಿ ಆರಿಸಿತ್ತು, ಆದರೆ ಇಲ್ಲಿ ಆಡಲಿಲ್ಲ.

ಕಬಡ್ಡಿ ಹುಚ್ಚ
ಮೆಕ್‌ಗಿಲ್‌ನಲ್ಲಿ ಕಲಿತದ್ದು ಕೆನಡಾ ನಿಯಮದ ಆಟವೇ ಅಲ್ವಾ ಮೇಷ್ಟ್ರೇ? ಮೂರು ಅವಕಾಶ, 12 ಜನ. ಅಷ್ಟು ಸಾಕು ನಮ್ಮವನು ಅನ್ನೋಕೆ.

ಮೂಲೆ ಸೀಟು
ದುಡ್ಡಿನ ವಿಷಯವೂ ಹೇಳಿಬಿಡಿ. ಅವನಿಗೆ 2017ರಲ್ಲಿ ಐದು ವರ್ಷಕ್ಕೆ 4 ಕೋಟಿ ಅಮೆರಿಕನ್ ಡಾಲರ್‌ಗೂ ಮೇಲೆ ಒಪ್ಪಂದ ಆಗಿತ್ತು. ಇಲ್ಲಿ 2023ರಲ್ಲಿ ಕನಿಷ್ಠ ಸಂಬಳ 70 ಸಾವಿರ ಕೆನಡಿಯನ್ ಡಾಲರ್. ಜೂನ್‌ನಿಂದ ಅಕ್ಟೋಬರ್‌ವರೆಗೆ 18 ಪಂದ್ಯ, ಆಮೇಲೆ ನವೆಂಬರ್‌ನಲ್ಲಿ ಪ್ಲೇಆಫ್. ಇಲ್ಲಿ ಓದು ಬಿಟ್ಟು ಇದನ್ನೇ ನಂಬಿಕೊಳ್ಳೋದು ಕಷ್ಟ. ಮಗ ಆಡಲಿ, ಓದೂ ಇರಲಿ.

ರಿಜೈನಾ ರಾಗಿಮುದ್ದೆ
2027ರಿಂದ ಮೈದಾನವನ್ನೂ 100 ಗಜಕ್ಕೆ ಇಳಿಸ್ತಾರಂತೆ, ಗೋಲ್ ಪೋಸ್ಟ್ ಹಿಂದಕ್ಕೆ ಸರಿಸ್ತಾರಂತೆ. ನನಗೆ ಒಂಚೂರೂ ಇಷ್ಟವಿಲ್ಲ. ಇದು ನಮ್ಮ ಆಟ, ಯಾಕೆ ಅವರ ಥರ ಆಗಬೇಕು?

ಪ್ರೇರಿ ಪಯಣಿಗ
ಮೂರು ಅವಕಾಶ, 12 ಜನ, 65 ಗಜದ ಅಗಲ ಉಳಿಸಿಕೊಂಡಿದ್ದಾರೆ. ಆದರೂ ನನಗೂ ಹೊಟ್ಟೆ ಉರಿಯಿತು. ಇದಕ್ಕೆ ಬೇರೆ ಚರ್ಚೆ ಶುರು ಮಾಡಿ, ಇಲ್ಲಿ ಬೇಡ.

ಹಿಮದೂರಿನವ
ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿ ಮಗಳ ಜೊತೆ 2021ರ ಫೈನಲ್ ರೆಕಾರ್ಡಿಂಗ್ ಹಾಕಿದೆ. ವಿನಿಪೆಗ್ ಹೆಚ್ಚುವರಿ ಆಟದಲ್ಲಿ 33-25ರಲ್ಲಿ ಗೆದ್ದ ಪಂದ್ಯ. ಚೆಂಡು ನೋಡಬಾರದು ಅಂತ ಇಬ್ಬರೂ ಮಾತು ಕೊಟ್ಟುಕೊಂಡೆವು. ಮಗಳು ಟಿವಿಯ ಬಲ ಅರ್ಧಕ್ಕೆ ಟವೆಲ್ ಇಳಿಬಿಟ್ಟಳು.

ನಿಧಾನಕ್ಕೆ ಓಡಿಸಿ ನೋಡಿದರೆ ಈಗ ಕಾಣುತ್ತದೆ. ಮೊದಲು ಎಡಗಾಲು ಓರೆಯಾಗಿ ಹಿಂದಕ್ಕೆ ಹೋಗುತ್ತದೆ. ಬಲಗಾಲು ಅದರ ಹಿಂದೆ ಎಳೆದುಕೊಂಡು ಬರುತ್ತದೆ. ಎರಡು ಕಾಲೂ ಯಾವತ್ತೂ ಕೂಡುವುದಿಲ್ಲ. ಕೈಗಳು ಎದೆ ಹತ್ತಿರ ಕಾಯ್ತಾ ಇರುತ್ತವೆ. ಎದುರಿನವನು ಹತ್ತಿರ ಬಂದ ಮೇಲೇ ಅವು ಮುಂದಕ್ಕೆ ಹೊರಡುತ್ತವೆ. ಒಂದು ಸಲ ಅವನು ಹೊರಗಿನಿಂದ ಸುತ್ತಿ ಬಂದ. ಇವರು ತಡೆದು ನಿಲ್ಲಿಸಲಿಲ್ಲ, ಅವನ ಓಟಕ್ಕೇ ಪಕ್ಕದಿಂದ ತಳ್ಳಿ ಕ್ವಾರ್ಟರ್‌ಬ್ಯಾಕ್‌ನ ಹಿಂದಿನಿಂದ ದಾಟಿಸಿಬಿಟ್ಟರು. ಮಗಳು ಅದೇ ತುಣುಕನ್ನು ಒಂಬತ್ತು ಸಲ ಹಾಕಿಸಿದಳು. ಚೆಂಡು ಎಲ್ಲಿಗೆ ಹೋಯಿತು ಅಂತ ಕೇಳಲೇ ಇಲ್ಲ.

ನಂಜನಗೂಡು ತೇರು
ಟವೆಲ್ ಉಪಾಯ ಭಲೇ ಚೆನ್ನಾಗಿದೆ. ನಾನೂ ಮಾಡ್ತೀನಿ.

ಬಿಸಿಬೇಳೆ
ಮುಂದಿನ ಪಂದ್ಯಕ್ಕೆ ಹೋಗುವವರು ಕಾರ್ ತರಬೇಡಿ. ಪಾರ್ಕ್ ಆಂಡ್ ರೈಡ್ ಬಸ್ ಹಿಡಿಯಿರಿ. ನಾನು ಚುರುಮುರಿ ಕಟ್ಟಿಕೊಂಡು ಬರ್ತೀನಿ, ಬಸ್‌ನಲ್ಲೇ ತಿಂದುಬಿಡೋಣ.

ಬ್ರಾಂಪ್ಟನ್ ಅಮ್ಮ
ಕೋಚ್ ಹತ್ತಿರ ಹೋಗಿದ್ದೆ. ಮೂರೂ ಪ್ರಶ್ನೆ ಕೇಳಿದೆ. ಪೂರ್ತಿ ಡಿಕ್ಕಿ ವಾರಕ್ಕೆ ಒಂದೇ ದಿನ ಅಂದರು. ತಲೆಗೆ ಪೆಟ್ಟಾದರೆ ಏನು ಮಾಡ್ತಾರೆ ಅನ್ನೋ ಕಾಗದ ತೋರಿಸಿ ಸಾಲು ಸಾಲಾಗಿ ಓದಿಸಿದರು. ತಡವರಿಸಲಿಲ್ಲ. ಈ ಸೀಸನ್ ಆಡಲಿ, ಮುಗಿದ ಮೇಲೆ ಮತ್ತೆ ಕೂತು ಮಾತಾಡೋಣ ಅಂತ ನಾವಿಬ್ಬರೂ ತೀರ್ಮಾನ ಮಾಡಿದ್ದೀವಿ.

ಶುಕ್ರವಾರ ಅವನ ಮೊದಲ ಪಂದ್ಯ ಆಯಿತು. ಸೋತರು. ಇಡೀ ಹೊತ್ತು ನಾನು ಅವನ ಕಾಲನ್ನೇ ನೋಡ್ತಿದ್ದೆ. ಮನೆಗೆ ಬಂದು ಮೂರು ಸಲ ಅನ್ನ ಹಾಕಿಸಿಕೊಂಡ. ಬಲ ಮೊಣಕಾಲು ಸ್ವಲ್ಪ ಊದಿದೆ, ನಡೆಯೋಕೆ ತೊಂದರೆ ಇಲ್ಲ ಅಂತಾನೆ.

ಮೊಣಕಾಲು ವೈದ್ಯೆ (ಕ್ಯಾಲ್ಗರಿ)
ಐಸ್ ಅನ್ನು ಬಟ್ಟೆಯಲ್ಲಿ ಸುತ್ತಿ 15 ನಿಮಿಷ ಇಡಿ ಅಕ್ಕ, ದಿನಕ್ಕೆ ಮೂರು ನಾಲ್ಕು ಸಲ. ಕಾಲು ದಿಂಬಿನ ಮೇಲಿರಲಿ. ಸೋಮವಾರಕ್ಕೂ ಊತ ಇಳಿಯದಿದ್ದರೆ ಅಭ್ಯಾಸಕ್ಕೆ ಕಳಿಸಬೇಡಿ, ಡಾಕ್ಟರಿಗೆ ತೋರಿಸಿ.